ಬಾಳೆನಾರಿನ ಅಳತೆ

ನಮ್ಮ ಹಿರಿಯರು ದೂರವನ್ನು ಹರದಾರಿ, ಗಾವುದಗಳಲ್ಲಿ ಅಳೆದರು. ನಾವು ಕಿಲೋಮೀಟರುಗಳಲ್ಲಿ ಅಳೆಯುತ್ತೇವೆ. ನನ್ನ ತಾಯಿಯ ಅಳತೆಯೇ ಬೇರೆ. ತಮ್ಮನಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸವಾದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಂದ ಹೊರಟರೆ ಮನೆ ಸೇರುವುದಕ್ಕೆ ಎಷ್ಟು ಹೊತ್ತಪ್ಪಾ?"

ಕನ್ನಡದ ಮೇಷ್ಟ್ರಿಗೆ ಭೂಗೋಳ ಬೋಧಿಸುವ ಯೋಗ ಒದಗುವುದು ಅಪರೂಪ. ಮಗಳ ಗ್ಲೋಬನ್ನು ತಂದೆ. ಅಮ್ಮ ಹೂ ಕಟ್ಟುತ್ತಿದ್ದ ಬಾಳೆನಾರಿನ ಒಂದೆಳೆ ಪಡೆದು, ಆ ಊರಿಗೂ ಬೆಂಗಳೂರಿಗೂ ನಡುವೆ ಬಿಗಿಯಾಗಿ ಹಿಡಿದೆ. ಗೋಡೆಯ ನಕಾಶೆಯನ್ನು ಕಂಡವರು ದಾರಿ ಶಾಂತಸಾಗರದ ಮೇಲೆ ನೆಟ್ಟಗೆ ಸಾಗುವುದೆಂದು ಭಾವಿಸಿಯಾರು. ನಾರು ಹಾಗೆ ಹೋಗಲಿಲ್ಲ. ಬೆಂಗಳೂರಿನಿಂದ ಹಿಮಾಲಯವನ್ನು ದಾಟಿ, ಸೈಬೀರಿಯದ ಹಿಮಸೀಮೆಗೆ ಏರಿ, ಅಲಾಸ್ಕದ ಮೇಲೆ ಹಾದು ಕೆಳಗಿಳಿಯಿತು. ದುಂಡನೆಯ ಭೂಮಿಯ ಮೇಲೆ ಅತಿ ಹತ್ತಿರದ ಹಾದಿ ಅದೇ. ಉದ್ದ ಸುಮಾರು 14,000 ಕಿಲೋಮೀಟರು.

ಗಾಳಿಯ ಬೀಸನ್ನು ನೋಡಿ ವಿಮಾನಗಳು ದಾರಿ ಬದಲಿಸುವುದೂ ಉಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಾತಿ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ತಂದರು. ಸುಮಾರು 17 ಗಂಟೆಯ ಹಾರಾಟ. ಅಲ್ಲಿ 9ರ ರಾತ್ರಿ ಹೊರಟದ್ದು ಇಲ್ಲಿ 11ರ ಬೆಳಗಿನ ಜಾವಕ್ಕೆ ಇಳಿಯಿತು.

"ಹಾಗಾದರೆ ನಡುವಿನ 10ನೆಯ ತಾರೀಖು ಎಲ್ಲಿ ಹೋಯಿತು?" ಎಂದಳು ಅಮ್ಮ. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ ಎಂದು ವಿವರಿಸಿದೆ. "ಹದಿನೇಳು ಗಂಟೆಯಾದರೆ ಹತ್ತಿರವೇ ಬಿಡು" ಎಂದು ನಾರನ್ನು ಹಿಂದಕ್ಕೆ ಪಡೆದು ಮಾಲೆಯನ್ನು ಮುಂದುವರಿಸಿದಳು.

ಎರಡು ವರ್ಷಗಳ ಮೇಲೆ ಒಂದು ಸಂಜೆ ಅಪ್ಪನಿಗೆ ಎದೆನೋವು ಕಾಣಿಸಿತು. ತಮ್ಮನಿಗೆ ತಿಳಿಸಿದೆ. ಆ ದಿನ ನೇರ ವಿಮಾನವಿರಲಿಲ್ಲ. ನಡುದಾರಿಯಲ್ಲಿ ಇಳಿದು, ಕಾದು, ಮತ್ತೊಂದನ್ನು ಹತ್ತಿ ಬರಬೇಕು. ಅವನ ಮನೆಯ ಬಾಗಿಲಿಂದ ನಮ್ಮ ಬಾಗಿಲಿಗೆ 30 ಗಂಟೆ. ಅವನು ವಿಮಾನ ಹತ್ತಿದ ನಾಲ್ಕು ಗಂಟೆಗೆ ಅಪ್ಪ ತೀರಿಕೊಂಡರು.

ಬಂಧುಗಳಲ್ಲಿ ಕೆಲವರು ಸಂಸ್ಕಾರ ತಡವಾಗಬಾರದೆಂದರು. "ಅವನು ಬರಲಿ" ಎಂದಳು ಅಮ್ಮ. ನಡುದಾರಿಯಿಂದ ಅವನ ಫೋನ್ ಬಂದೀತಲ್ಲ, ಏನು ಹೇಳಲಿ ಎಂದು ನಾನು ತಳಮಳಿಸಿದೆ. "ಅಷ್ಟು ದೂರ ಒಬ್ಬನೇ ಅಳುತ್ತ ಬರುವುದು ಬೇಡ. ಮನೆ ಸೇರುವ ತನಕ ಅವನ ಪಾಲಿಗೆ ಅವರು ಬದುಕಿರಲಿ."

ಫೋನ್ ಬಂದಿತು. "ಬೇಗ ಬಾ, ಎಲ್ಲರೂ ಕಾಯುತ್ತಿದ್ದೇವೆ" ಎಂದೆ. ಅದು ಸುಳ್ಳಾಗಿರಲಿಲ್ಲ. ಮರುದಿನ ಬಾಗಿಲಲ್ಲಿ ನಿಂತು, ಒಳಗೆ ಉರಿಯುತ್ತಿದ್ದ ದೀಪವನ್ನು ಕಂಡು, ಅವನು ಚೀಲವನ್ನು ಮೆಲ್ಲನೆ ಕೆಳಗಿಟ್ಟ.

ವೈಕುಂಠ ಸಮಾರಾಧನೆ ಮುಗಿಸಿ ಅವನು ಹಿಂದಿರುಗಿದ್ದು ನೇರ ವಿಮಾನದಲ್ಲಿ. ಎಷ್ಟು ಹೊತ್ತಿನ ದಾರಿಯೆಂದು ಅಮ್ಮ ಈ ಸಲ ಕೇಳಲಿಲ್ಲ. ಮೊಮ್ಮಗಳ ಗ್ಲೋಬನ್ನು ಮಡಿಲಲ್ಲಿ ಇರಿಸಿಕೊಂಡು, ಬೆಂಗಳೂರಿನ ಮೇಲಿಂದ ಬೆರಳನ್ನು ನಿಧಾನವಾಗಿ ಮೇಲಕ್ಕೆ ಸರಿಸುತ್ತ ಕುಳಿತಿದ್ದಳು.

"ಈಗ ಹಿಮಾಲಯ ದಾಟಿರುತ್ತಾನೇನಪ್ಪಾ?"

ನಾನು ಗಡಿಯಾರ ನೋಡಿ, "ದಾಟಿರುತ್ತಾನಮ್ಮ" ಎಂದೆ.