ಲಗ್ನದ ಡ್ರೋನ್, ನೆರೆಯ ಡ್ರೋನ್

ಜುಲೈ ಬಂತೆಂದರೆ ನಮ್ಮ ಭಾಗದ ಸ್ಟ್ರಿಂಗರ್‌ಗಳ ಸುದ್ದಿ ಸೇತುವೆಗಳ ಹೆಸರಿನಿಂದಲೇ ಶುರುವಾಗುತ್ತದೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ, ಮಲಿಕವಾಡ–ದತ್ತವಾಡ. ಮಹಾರಾಷ್ಟ್ರದ ಘಟ್ಟದಲ್ಲಿ ನಾಲ್ಕು ದಿನ ಜೋರು ಮಳೆಯಾದರೆ ಸಾಕು, ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಇವೆಲ್ಲ ನೀರಿನಡಿ ಹೋಗುತ್ತವೆ. ನಾವು ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತೇವೆ. ಅದರಲ್ಲಿ ಕಾಣುವುದು ಕೆಂಪು ನೀರು, ಬ್ಯಾರಿಕೇಡ್, ಛತ್ರಿ ಹಿಡಿದ ನಾಲ್ಕು ಮಂದಿ. ಅಷ್ಟರಲ್ಲಿ ಡೆಸ್ಕಿನಿಂದ ಫೋನ್ ಬರುತ್ತದೆ: "ಮೇಲಿಂದ ಒಂದು ಡ್ರೋನ್ ಶಾಟ್ ಸಿಗುತ್ತದಾ ನೋಡ್ರಿ."

ಕೇಳುವುದು ತಪ್ಪೇನಲ್ಲ. ಯಾವ ತೋಟದ ವಸ್ತಿ ಸುತ್ತ ನೀರು ಬಂದಿದೆ, ಕಬ್ಬು ಎಲ್ಲಿಯವರೆಗೆ ಮುಳುಗಿದೆ ಎಂಬುದು ಮೇಲಿಂದ ನೋಡಿದರೇ ತಿಳಿಯುವುದು. ಆದರೆ ಡ್ರೋನ್ ಇರುವುದು ಯಾರ ಹತ್ತಿರ? ಲಗ್ನದ ಶೂಟಿಂಗ್ ಮಾಡುವ ಹುಡುಗರ ಹತ್ತಿರ. ಆಷಾಢದಲ್ಲಿ ಲಗ್ನ ಇರುವುದಿಲ್ಲ, ಡ್ರೋನ್ ಕಪಾಟಿನಲ್ಲಿ ಕೂತಿರುತ್ತದೆ. ಪೆಟ್ರೋಲ್ ಖರ್ಚು, ಮೇಲೆ ಒಂದಿಷ್ಟು ಕೊಟ್ಟರೆ ಬರುತ್ತಾರೆ. ನಾವು ಮೊದಲು ಕೇಳುವುದು ಒಂದೇ ಮಾತು: "ಕಾಗದ ಅದಾವೇನಪಾ?"

"ಕಾಗದ ಯಾವೂ ಬೇಕಾಗಂಗಿಲ್ರಿ ಸರ. ಪೊಲೀಸ್ ಠಾಣೆಗೆ ಒಂದ್ ಮಾತ್ ಹೇಳಿದ್ರ ಮುಗೀತು."

ಇದೇ ಉತ್ತರ ಚಿಕ್ಕೋಡಿಯಲ್ಲೂ ಕೇಳಿದ್ದೇವೆ, ರಾಯಬಾಗದಲ್ಲೂ ಕೇಳಿದ್ದೇವೆ. ನಮ್ಮ ಹುಡುಗರು ಬೇಡದ ಪರವಾನಿಗೆ ಕೇಳಿಕೊಂಡು ತಿರುಗುತ್ತಾರೆ, ಬೇಕಾದ ಕಾಗದ ಮಾಡಿಸುವುದಿಲ್ಲ.

ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು ಬಂದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ಬಹಳ ಬಿಗಿ ಇತ್ತು. 2014ರ ಅಕ್ಟೋಬರ್‌ನಲ್ಲಂತೂ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಜನಸಾಮಾನ್ಯರು ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿತ್ತು. 2021ರ ನಿಯಮ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯ ಮಾಡಿತು. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗಾದರೆ 200 ಅಡಿ. ಇನ್ನೂ ಹತ್ತಿರ ಹೋದರೆ ಹಳದಿ, ಆಮೇಲೆ ಕೆಂಪು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಏನೂ ನಡೆಯದು. ನಮಗೆ ಹತ್ತಿರದ ವಿಮಾನ ನಿಲ್ದಾಣಗಳು ಸಾಂಬ್ರಾ ಮತ್ತು ಕೊಲ್ಹಾಪುರದ ಉಜಳಾಯವಾಡಿ. ನಿಪ್ಪಾಣಿ ಪೇಟೆಯಿಂದ ಎರಡೂ 12 ಕಿ.ಮೀ.ಗಿಂತ ಬಹಳ ದೂರ. ಹಾಗಂತ ಕಣ್ಣು ಮುಚ್ಚಿ ಹಾರಿಸಬಾರದು. ನಕಾಶೆ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದಲ್ಲಿದೆ, ಅದು ಬದಲಾಗುತ್ತಿರುತ್ತದೆ, ಹಾರಿಸುವ ದಿನವೇ ನೋಡಬೇಕು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಕಾಗವಾಡ ಕಡೆ ಒಬ್ಬರು ನಮಗೆ ಗಂಭೀರವಾಗಿ ಹೇಳಿದ್ದರು, "ಬಾರ್ಡರ್ ಹತ್ರ ಡ್ರೋನ್ ಬ್ಯಾನ್ ಐತ್ರಿ." ಬಾರ್ಡರ್ ಅಂದರೆ ಮಹಾರಾಷ್ಟ್ರದ ಬಾರ್ಡರ್! ಅವರು ಓದಿದ್ದು ದೇಶದ ಗಡಿಯ ಸುದ್ದಿ ಇರಬೇಕು. ದೂಧಗಂಗಾ ನದಿಯ ಈ ದಂಡೆಗೂ ಆ ದಂಡೆಗೂ ಡ್ರೋನ್ ನಿಯಮ ಒಂದೇ, ಬದಲಾಗುವುದು ಪೊಲೀಸ್ ಠಾಣೆ ಮಾತ್ರ.

ಈಗ ಬೇಕಾದ ಕಾಗದಗಳ ಮಾತು. ಲಗ್ನದಲ್ಲಿ ಹಾರುವ ಡ್ರೋನ್‌ಗಳು ಹೆಚ್ಚಾಗಿ ಅರ್ಧ ಕೆಜಿಯಿಂದ ಒಂದು ಕೆಜಿ ತೂಗುತ್ತವೆ. 250 ಗ್ರಾಂ ದಾಟಿ 2 ಕೆಜಿವರೆಗಿನದು ನಿಯಮದ ಪ್ರಕಾರ ಮೈಕ್ರೋ. ಮೈಕ್ರೋ ಡ್ರೋನನ್ನು ಹವ್ಯಾಸಕ್ಕೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟ್ ಬೇಡ. ದುಡಿಮೆಗೆ ಹಾರಿಸಿದರೆ ಬೇಕು. ಅದೇ ಡ್ರೋನ್, ಅದೇ ಕೈ, ಅದೇ ಹೊಲ. ನಿಮ್ಮ ಹೊಲ ನೀವೇ ಶೂಟ್ ಮಾಡಿ ಸ್ಟೇಟಸ್ ಇಟ್ಟರೆ ಒಂದು ಲೆಕ್ಕ, ಬೀಗರ ಲಗ್ನಕ್ಕೆ ಐದು ಸಾವಿರ ಇಸಿದುಕೊಂಡರೆ ಇನ್ನೊಂದು ಲೆಕ್ಕ. ಸ್ಟ್ರಿಂಗರ್‌ಗಳಾದ ನಮಗೂ ಸುದ್ದಿಗೆ ಇಷ್ಟು ಎಂದು ಬರುತ್ತದೆ. ಆದ್ದರಿಂದ ನೆರೆಯ ಶಾಟ್ ಕೂಡ ದುಡಿಮೆಯೇ ಎಂದು ತಿಳಿದು ನಡೆಯುತ್ತೇವೆ. ಪ್ರೆಸ್ ಕಾರ್ಡ್ ಪೈಲಟ್ ಸರ್ಟಿಫಿಕೇಟ್ ಆಗುವುದಿಲ್ಲ.

250 ಗ್ರಾಂವರೆಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಕೇಳುವುದಿಲ್ಲ. ಅದಕ್ಕೇ 249 ಗ್ರಾಂ ಎಂದು ಬರೆದಿರುವ ಡ್ರೋನ್ ಹುಡುಗರಿಗೆ ಬಹಳ ಇಷ್ಟ. ಆದರೆ ದೊಡ್ಡ ಬ್ಯಾಟರಿ, ರೆಕ್ಕೆಗೆ ಗಾರ್ಡ್ ಹಾಕಿದರೆ ತೂಕ ದಾಟುತ್ತದೆ. ಲೆಕ್ಕಕ್ಕೆ ಬರುವುದು ಹಾರುವಾಗಿನ ಒಟ್ಟು ತೂಕ, ಡಬ್ಬಿಯ ಮೇಲೆ ಬರೆದದ್ದಲ್ಲ.

ಸರ್ಟಿಫಿಕೇಟ್‌ಗೆ ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗೆ ಇರಬೇಕು, ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಆಗಬೇಕು. ಒಮ್ಮೆ ಕೊಟ್ಟರೆ ಹತ್ತು ವರ್ಷ ನಡೆಯುತ್ತದೆ. ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? 2023ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ ಎಂದರು. ಈ ಸಣ್ಣ ಸುದ್ದಿ ನಮ್ಮ ಕಡೆ ಯಾರಿಗೂ ಮುಟ್ಟಿಲ್ಲ.

ನಿಜವಾದ ತೊಡಕು ಬೇರೆ ಇದೆ. ಹಾರಿಸುವವನಿಗೆ ಸರ್ಟಿಫಿಕೇಟ್ ಇದ್ದಂತೆ ಡ್ರೋನ್‌ಗೂ ಗಾಡಿ ನಂಬರಿನ ಹಾಗೆ ಒಂದು ನೋಂದಣಿ ಸಂಖ್ಯೆ ಬೇಕು. 2021ರ ನವೆಂಬರ್ 30ರೊಳಗೆ ದೇಶಕ್ಕೆ ಬಂದ ಡ್ರೋನ್‌ಗಳಿಗೆ ಜಿಎಸ್‌ಟಿ ಬಿಲ್ ತೋರಿಸಿ ನೋಂದಣಿ ಮಾಡಿಸಲು ಒಂದು ತಿಂಗಳು ಕೊಟ್ಟಿದ್ದರು. ಅದು ಯಾವಾಗ ಬಂತು, ಯಾವಾಗ ಹೋಯಿತು, ಇಲ್ಲಿ ತಿಳಿದವರೇ ಇಲ್ಲ. 2022ರ ಫೆಬ್ರುವರಿಯಲ್ಲಿ ಹೊರದೇಶದ ಡ್ರೋನ್ ಆಮದನ್ನೇ ನಿಲ್ಲಿಸಿದರು, ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ಬಿಟ್ಟು. ಸ್ವದೇಶಿ ಡ್ರೋನ್ ಬೆಳೆಯಲಿ ಎಂಬ ಉದ್ದೇಶ ಇರಬಹುದು. ಆದರೆ ಲಗ್ನದ ಕ್ಯಾಮೆರಾ ಹುಡುಗನಿಗೆ ಬೇಕಾದ ಬೆಲೆಯಲ್ಲಿ, ಬೇಕಾದ ಕ್ಯಾಮೆರಾ ಇರುವ ದೇಶಿ ಡ್ರೋನ್ ನಮ್ಮ ಪೇಟೆಯ ಅಂಗಡಿಗಳಲ್ಲಿ ನಾವು ಕಂಡಿಲ್ಲ. ಆತ ಬಿಲ್ ಇಲ್ಲದ ಮಾಲು ತರುತ್ತಾನೆ. ಬಿಲ್ ಇಲ್ಲದ ಮಾಲಿಗೆ ನಂಬರು ಸಿಗದು. ಹುಡುಗರನ್ನಷ್ಟೇ ಬೈಯುವುದು ನಮಗೆ ಸರಿ ಕಾಣುವುದಿಲ್ಲ.

ಆದರೂ ವಿಮೆಯ ವಿಷಯದಲ್ಲಿ ನಾವು ಅವರ ಪರ ನಿಲ್ಲುವುದಿಲ್ಲ. ರಾಯಬಾಗ ತಾಲ್ಲೂಕಿನ ಒಂದು ಲಗ್ನದಲ್ಲಿ ನಾವೇ ಕೂತಿದ್ದೆವು. ಅಕ್ಷತೆ ಬೀಳುವ ಹೊತ್ತಿಗೆ ಡ್ರೋನ್ ಪೆಂಡಾಲಿನ ವೈರಿಗೆ ಬಡಿದು ಹೆಂಗಸರ ಸಾಲಿನಲ್ಲಿ ಬಿತ್ತು. ಒಬ್ಬ ಅಜ್ಜಿಯ ಮುಂಗೈಗೆ ರೆಕ್ಕೆ ತಾಗಿ ಹೊಲಿಗೆ ಬಿದ್ದವು. ಹಿರಿಯರು ಕೂತು ಹದಿನೈದು ಸಾವಿರಕ್ಕೆ ಮುಗಿಸಿದರು. ಆ ಹುಡುಗನಿಗೆ ಲಗ್ನದ ದುಡ್ಡೂ ಬರಲಿಲ್ಲ, ಡ್ರೋನೂ ಉಳಿಯಲಿಲ್ಲ. ಅಜ್ಜಿಯ ಕಣ್ಣಿಗೆ ಬಡಿದಿದ್ದರೆ ಹದಿನೈದು ಸಾವಿರಕ್ಕೆ ಮುಗಿಯುತ್ತಿತ್ತೇ? ನ್ಯಾನೋ ಬಿಟ್ಟು ಉಳಿದ ಡ್ರೋನ್‌ಗಳಿಗೆ ಬೈಕಿನ ಹಾಗೆಯೇ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕು. ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ ಹೋಗಬಹುದು.

ಜಾತ್ರೆಗಳದ್ದು ಬೇರೆ ಲೆಕ್ಕ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುವುದನ್ನು ಮೇಲಿಂದ ತೆಗೆಯಬೇಕೆಂದು ಯಾರಿಗೆ ಆಸೆ ಇಲ್ಲ? ಆದರೆ ಹಸಿರು ವಲಯವನ್ನೂ ಪೊಲೀಸರು ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು, ಒಮ್ಮೆಗೆ 96 ಗಂಟೆಯವರೆಗೆ. ಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ಹಾಗೆ ಮಾಡುವಂತಿಲ್ಲ. ಆದ್ದರಿಂದ ಜಾತ್ರೆ, ದೊಡ್ಡ ನಾಯಕರ ಸಭೆ ಇದ್ದಾಗ ಮಾತ್ರ ಠಾಣೆಯಲ್ಲಿ ವಿಚಾರಿಸುವುದು ಸರಿಯಾದ ಕೆಲಸ. ನೆರೆಯಲ್ಲಿ ಹೆಲಿಕಾಪ್ಟರ್ ಓಡಾಡುತ್ತಿದ್ದರೆ ಡ್ರೋನ್ ಕೆಳಗಿಳಿಯಬೇಕು, ಎಷ್ಟೇ ಒಳ್ಳೆಯ ಶಾಟ್ ಇದ್ದರೂ. 2019ರ ಆಗಸ್ಟ್‌ನ ಮಹಾಪೂರ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಿಯಮದ ಪುಸ್ತಕದಾಚೆಗೂ ಒಂದಿಷ್ಟಿದೆ. ಊರ ಜನ ಡ್ರೋನನ್ನು ಮೊದಲು ಕಂಡದ್ದು ಸ್ವಾಮಿತ್ವ ಯೋಜನೆಯ ಸರ್ವೆಯಲ್ಲಿ. ಮನೆ ಸುತ್ತ ಸುಣ್ಣದ ಗೆರೆ ಹಾಕಿ, ಡಂಗುರ ಸಾರಿ ಹಾರಿಸಿದ್ದರು, ಯಾರೂ ಹೆದರಲಿಲ್ಲ. ಹೇಳದೆ ಹಾರಿಸಿದರೆ ಮಾತು ಬೇರೆ. 2024ರ ಮಳೆಗಾಲದಲ್ಲಿ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿ ಡ್ರೋನ್ ಕಂಡವೆಂದು, ಕಳ್ಳರೇ ಬಿಟ್ಟಿದ್ದಾರೆಂದು ಜನ ನಿದ್ದೆಗೆಟ್ಟು ಕಾವಲು ಕೂತಿದ್ದರು. ನದಿಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಹೊತ್ತು, ಮೇಲೆ ಮುಚ್ಚಿಗೆ ಇಲ್ಲದ ಬಚ್ಚಲು ಇರುವ ಓಣಿ, ಇವೆಲ್ಲ ಯಾವ ನಕಾಶೆಯಲ್ಲೂ ಕೆಂಪಾಗಿ ಕಾಣುವುದಿಲ್ಲ. ಕ್ಯಾಮೆರಾ ಹಿಡಿದವನಿಗೇ ಕಾಣಬೇಕು.

ನಮ್ಮ ಪರಿಚಯದ ಹುಡುಗನೊಬ್ಬ ಅಥಣಿ ಕಡೆಯವನು. ಸಾಲ ಮಾಡಿ, ಪುಣೆಗೆ ಹೋಗಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದ. ನಂಬರಿರುವ ಡ್ರೋನ್ ಕೊಂಡ, ವಿಮೆ ಮಾಡಿಸಿದ. ನೆರೆ ಶಾಟ್ ಬೇಕಾದರೆ ನಾವು ಅವನಿಗೇ ಫೋನ್ ಮಾಡುತ್ತೇವೆ. ಲಗ್ನಕ್ಕೆ ಏಳು ಸಾವಿರ ಹೇಳುತ್ತಾನೆ. ಮೊನ್ನೆ ಉಗಾರದ ಕಡೆಯ ಬೀಗರೊಬ್ಬರು ಅವನಿಗೆ ಹೇಳಿದರಂತೆ: "ನಮ್ಮೂರ ಹುಡುಗ ನಾಲ್ಕಕ್ಕ ಹಾರಸ್ತಾನ. ನಿನ್ನ ಕಾಗದ ತಗೊಂಡು ಆಲ್ಬಮ್‌ನ್ಯಾಗ ಹಚ್ಚೂಣೇನು?"

ಆ ಲಗ್ನ ಅವನಿಗೆ ಸಿಗಲಿಲ್ಲ. ಸಾಲದ ಕಂತು ತಿಂಗಳ ಹತ್ತನೇ ತಾರೀಖಿಗೆ ಬರುತ್ತದೆ.