ರುಮೆಯ ಪಕ್ಷ ಯಾರು ಹಿಡಿಯುತ್ತೀರಿ?

ಪ್ರೀತಿಯ ಮಗಳೇ,

ಕನಸಿನಲ್ಲಿ ಕೊಟ್ಟ ಮಾತನ್ನು ಎಚ್ಚರವಾದ ಮೇಲೆ ನಡೆಸಿಕೊಡಬೇಕೇ ಎಂದು ಹಾಸ್ಟೆಲಿನಲ್ಲಿ ನೀವೆಲ್ಲ ನಡುರಾತ್ರಿಯವರೆಗೆ ಚರ್ಚೆ ಮಾಡಿದ್ದು ಓದಿ ನನಗೆ ತುಂಬ ಖುಷಿಯಾಯಿತು. ಇದರಿಂದ ಏನು ಪ್ರಯೋಜನ ಎಂದು ಒಬ್ಬಳು ಎದ್ದು ಹೋದಳೆಂದು ಬೇಸರ ಮಾಡಿಕೊಳ್ಳಬೇಡ. ಅವಳನ್ನು ಮತ್ತೆ ಕರೆದು ಕೂರಿಸು ಮಾರಾಯ್ತಿ. ಪ್ರಯೋಜನವೆಂದರೆ ಏನು ಎಂಬುದೂ ಒಂದು ರಾತ್ರಿಗೆ ಸಾಕಾಗುವ ಪ್ರಶ್ನೆಯೇ.

ನನ್ನದೂ ಒಂದು ಅಡ್ಡಪ್ರಶ್ನೆ ಇಟ್ಟುಕೊ. ಕನಸಿನಲ್ಲಿ ಹಾವು ಕಂಡು ಎದ್ದರೆ ಮೈ ಬೆವೆತಿರುತ್ತದೆ. ಆ ಹೆದರಿಕೆ ನನ್ನದೇ ಎಂದು ಒಪ್ಪುವ ನಾವು, ಅಲ್ಲಿ ಕೊಟ್ಟ ಮಾತು ಮಾತ್ರ ನನ್ನದಲ್ಲ ಎನ್ನುವುದು ಹೇಗೆ?

ಇಲ್ಲಿ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ. ಇನ್ನು ಮಳೆಗಾಲವಿಡೀ ತಾಳಮದ್ದಳೆ. ನಿನಗೆ ಗೊತ್ತೇ ಇದೆ, ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿಗಳದು ಬರೀ ಮಾತು. ಪದ್ಯ ಬರೆದಿಟ್ಟದ್ದು, ಅರ್ಥ ಅಲ್ಲೇ ಹುಟ್ಟಬೇಕು. ಎದುರು ಕೂತವರು ಏನು ಕೇಳುತ್ತಾರೋ ತಿಳಿಯದು.

ಹೋದ ಆಟಿ ತಿಂಗಳಲ್ಲಿ ನಮ್ಮ ಮಹಿಳಾ ತಂಡದ 'ವಾಲಿವಧೆ'ಯಲ್ಲಿ ವಾಲಿಯ ಅರ್ಥ ನನ್ನದಾಗಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ರಾಮ ಎರಡು ಸಮರ್ಥನೆ ಕೊಡುತ್ತಾನೆ. ತಮ್ಮ ಸುಗ್ರೀವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಇದು ಇಕ್ಷ್ವಾಕುಗಳ ನೆಲ, ಭರತನ ಪರವಾಗಿ ನಿನ್ನನ್ನು ದಂಡಿಸಿದೆ ಎನ್ನುತ್ತಾನೆ. ಅದರ ಬೆನ್ನಿಗೇ, ನೀನು ಕಪಿ, ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ ಎನ್ನುತ್ತಾನೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲೇ ಇವೆರಡೂ ಇವೆ. ನಾನು ಇದೇ ಸಂದಿಯನ್ನು ಹಿಡಿದೆ: ಮೃಗವಾದರೆ ನನಗೆ ನಿನ್ನ ಧರ್ಮಶಾಸ್ತ್ರ ಏಕೆ? ಧರ್ಮಕ್ಕೆ ಒಳಪಟ್ಟವನಾದರೆ ಬೇಡನ ಬಾಣ ಏಕೆ?

ರಾಮನ ಅರ್ಥ ಹೇಳುತ್ತಿದ್ದ ಗೆಳತಿ ನಿಧಾನವಾಗಿ ಅಂದಳು: "ವಾಲೀ, ನನ್ನಿಂದ ಧರ್ಮದ ಲೆಕ್ಕ ಕೇಳಿದ ಕ್ಷಣವೇ ನೀನು ಮೃಗವಲ್ಲವೆಂದು ಒಪ್ಪಿದ ಹಾಗಾಯಿತು. ಹಾಗಾದರೆ ರುಮೆಯ ಲೆಕ್ಕ ಮೊದಲು ಕೊಡು."

ಮನೆಯಲ್ಲಿ ಒಬ್ಬಳೇ ಕೂತು ಎಷ್ಟು ಯೋಚಿಸಿದರೂ ಈ ಪಟ್ಟು ನನಗೆ ಹೊಳೆದಿರಲಿಲ್ಲ. ಒಬ್ಬಳೇ ಇರುವಾಗ ನನ್ನ ರಾಮ ನನಗೆ ಉತ್ತರ ಗೊತ್ತಿರುವ ಮಾತನ್ನೇ ಆಡುತ್ತಾನೆ. ಅದಕ್ಕೇ ಎದುರಿಗೊಬ್ಬರು ಬೇಕು ಮಗಳೇ. ನಮ್ಮನ್ನು ಸೋಲಿಸಿ ಆಮೇಲೆ ನಮ್ಮ ಜೊತೆಗೇ ಕೂತು ಚಹಾ ಕುಡಿಯುವವರು ಬೇಕು. ಅವತ್ತು ರಾಮನಾದವಳು ಈ ಸಲ ವಾಲಿ, ನಾನು ರಾಮ. ಇನ್ನೊಬ್ಬರ ಪಕ್ಷವನ್ನು ಅಷ್ಟೇ ಮನಸ್ಸಿಟ್ಟು ಹೇಳಬಲ್ಲವರಿಗೆ ಮಾತ್ರ ತಮ್ಮ ಪಕ್ಷ ಅರ್ಥವಾಗಿದೆ ಎಂದು ನಾನು ನಂಬಿದ್ದೇನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಕೌರವರ ಅರ್ಥಕ್ಕೆ ಹೆಸರಾದವರು. ಕಥೆಯಲ್ಲಿ ಸೋಲಲೇಬೇಕಾದವರು ಅವರೆಲ್ಲ. ಮಾತಿನಲ್ಲಿ ಸೋಲಬೇಕೆಂದು ಯಾರೂ ಬರೆದಿಟ್ಟಿಲ್ಲ.

ತಮಾಷೆಯ ಪ್ರಶ್ನೆ, ಗಂಭೀರ ಪ್ರಶ್ನೆ ಎಂದು ಬೇರೆ ಮಾಡಲು ಹೋಗಬೇಡಿ. 'ಕೃಷ್ಣಸಂಧಾನ'ದಲ್ಲಿ ಅರಮನೆಯ ಊಟ ಬಿಟ್ಟು ವಿದುರನ ಮನೆಯಲ್ಲಿ ಉಂಡದ್ದೇಕೆ ಎಂದು ಕೌರವ ಕೆಣಕಿದರೆ ಸಭೆ ನಗುತ್ತದೆ. ಮಹಾಭಾರತದ ಕೃಷ್ಣ ಅದಕ್ಕೆ, ಉಣ್ಣುವುದು ಪ್ರೀತಿಯಿದ್ದಲ್ಲಿ, ಇಲ್ಲವೇ ಆಪತ್ತಿನಲ್ಲಿ; ನಿನ್ನಲ್ಲಿ ಪ್ರೀತಿಯಿಲ್ಲ, ನನಗೆ ಆಪತ್ತಿಲ್ಲ ಎನ್ನುತ್ತಾನೆ. ಊಟದ ಮಾತು ಎಲ್ಲಿಗೆ ಹೋಗಿ ಮುಟ್ಟಿತು ನೋಡು.

ಒಂದು ಮಾತ್ರ ಅವತ್ತಿನಿಂದ ನನ್ನನ್ನು ಬಿಡುತ್ತಿಲ್ಲ. ರಾಮನಾಗಿ ಅವಳೂ ವಾಲಿಯಾಗಿ ನಾನೂ ರುಮೆಯ ಹೆಸರನ್ನು ಮತ್ತೆ ಮತ್ತೆ ಎತ್ತಿದೆವು, ರುಮೆಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ. ನಿಮ್ಮ ಕೋಣೆಯಲ್ಲಿ ಅವಳ ಪಕ್ಷ ಹಿಡಿಯುವವರು ಯಾರಿದ್ದೀರಿ? ಅವಳು ವಾಲಿಯನ್ನೂ ಸುಗ್ರೀವನನ್ನೂ ರಾಮನನ್ನೂ ಏನೇನು ಕೇಳುತ್ತಿದ್ದಳೆಂದು ಎಲ್ಲರೂ ಸೇರಿ ಯೋಚಿಸಿ, ಬೇಗ ಬರೆದು ಕಳಿಸಿ.

ನಿನ್ನ
ಅಮ್ಮ