ಎರಡು ಕೆರೆಗಳ ನಡುವೆ

ಈ ಚಳಿಗಾಲದ ಪ್ರಯಾಣ ಉದಯಪುರಕ್ಕೋ ಭೋಪಾಲಕ್ಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಆಷಾಢದಿಂದಲೂ ನಡೆಯಿತು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ದೂರಪ್ರಯಾಣ ಬೇಡವೆಂದು ವೈದ್ಯರು ನನಗೆ ಹೇಳಿರುವುದರಿಂದ ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು. ನನ್ನ ಪತ್ನಿಯ ಒಲವು ಉದಯಪುರದ ಕಡೆಗೆ, ನನ್ನದು ಭೋಪಾಲದ ಕಡೆಗೆ. ಮುಂಬಯಿಯಲ್ಲಿ ನನ್ನೊಡನೆ ಓದಿ, ಭೋಪಾಲದಲ್ಲಿ ನೌಕರಿ ಹಿಡಿದು, ನಿವೃತ್ತಿಯ ನಂತರವೂ ಅಲ್ಲಿಯೇ ನೆಲೆಸಿದ ಗೆಳೆಯನೊಬ್ಬನಿದ್ದಾನೆ. ಅವನ ದೃಷ್ಟಿ ದಿನೇ ದಿನೇ ಕ್ಷೀಣಿಸುತ್ತಿದೆ. "ಕೆರೆ ಕಾಣುವಷ್ಟರಲ್ಲಿ ಬಾ" ಎಂದು ಅವನು ಕಾಗದ ಬರೆಸಿದ್ದ.

ಪ್ರವಾಸೋದ್ಯಮದ ಕೈಪಿಡಿಗಳು ಎರಡೂ ಊರುಗಳನ್ನು ಸರೋವರ ನಗರಗಳೆಂದು ಕರೆಯುತ್ತವೆ. ಸರೋವರವೆಂದೊಡನೆ ಹಂಸ, ತಾವರೆ, ವಿರಹಿಣಿ ಎಲ್ಲವೂ ಕಾವ್ಯದಿಂದ ಎದ್ದು ಬರುತ್ತವೆ. ವಸ್ತುತಃ ಇವು ಕೆರೆಗಳು. ಮನುಷ್ಯರು ಏರಿ ಹಾಕಿ, ಮಳೆನೀರನ್ನು ತಡೆದು ನಿಲ್ಲಿಸಿದಂಥವು. ಏರಿ, ತೂಬು, ಕೋಡಿ ಎಂಬ ಶಬ್ದಗಳೊಡನೆ ಬೆಳೆದ ಕನ್ನಡಿಗನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡೂ ನಗರಗಳು ಇಂದಿಗೂ ಈ ನೀರನ್ನು ಕುಡಿಯುತ್ತವೆ.

ಉದಯಪುರದಲ್ಲಿ ಕೆರೆ ಮೊದಲು, ಊರು ಆಮೇಲೆ. ಪಿಚೋಲಾವನ್ನು ಕಟ್ಟಿಸಿದವನು ಒಬ್ಬ ಬಣಜಾರನೆಂಬುದು ಅಲ್ಲಿಯ ಐತಿಹ್ಯ. ಮಹಾರಾಣಾ ಎರಡನೆಯ ಉದಯಸಿಂಹನು 1559ರಲ್ಲಿ ಅದರ ದಂಡೆಯಲ್ಲಿ ನಗರಕ್ಕೆ ಅಡಿಪಾಯ ಹಾಕಿದನು. ತಂದೆ ಜಹಾಂಗೀರನ ವಿರುದ್ಧ ಬಂಡೆದ್ದ ಖುರ್ರಮನಿಗೆ, ಎಂದರೆ ಮುಂದೆ ಶಹಾಜಹಾನನಾದವನಿಗೆ, ನೀರಿನ ನಡುವಣ ಜಗಮಂದಿರವು ಆಶ್ರಯ ನೀಡಿತ್ತು. ಹದಿನೆಂಟನೆಯ ಶತಮಾನದ ಜಗನಿವಾಸ ಈಗ ಹೋಟೆಲು. ಪಿಚೋಲಾ, ಸ್ವರೂಪಸಾಗರ, ಫತೇಸಾಗರಗಳನ್ನು ಕಾಲುವೆಗಳಿಂದ ಒಂದಕ್ಕೊಂದು ಜೋಡಿಸಿದ ಆ ಜಾಣ್ಮೆ ನನಗೆ ಅರಮನೆಗಳಿಗಿಂತ ಹೆಚ್ಚು ಆಕರ್ಷಕವಾಗಿ ತೋರುತ್ತದೆ. ಇದನ್ನು ಹೇಳಿದಾಗ ನನ್ನ ಪತ್ನಿ, "ನಿಮಗೆ ಊರು ನೋಡುವುದೆಂದರೆ ಶಾಸನ ಓದಿದ ಹಾಗೆ. ನನಗೆ ನೀರಿನಲ್ಲಿ ಬಿದ್ದ ಅರಮನೆಯ ನೆರಳನ್ನು ನೋಡಿದರೆ ಸಾಕು" ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಭೋಪಾಲದ ದೊಡ್ಡ ಕೆರೆಯನ್ನು ಪರಂಪರೆಯು ಹನ್ನೊಂದನೆಯ ಶತಮಾನದ ಪರಮಾರ ಭೋಜನಿಗೆ ಸಲ್ಲಿಸುತ್ತದೆ. 'ಶೃಂಗಾರಪ್ರಕಾಶ'ದ ಕರ್ತೃವೂ ಕೆರೆಯ ಏರಿಯೂ ಒಂದೇ ಹೆಸರಿನಲ್ಲಿ ಕೂಡಿಬರುವುದು ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಸಂತೋಷದ ಸಂಗತಿ. ಆದರೆ ಕನ್ನಡಿಗನಿಗೆ ಇಲ್ಲಿ ಇನ್ನೊಂದು ಸಂಕೋಚವೂ ಉಂಟು. ಭೋಜನ ದೊಡ್ಡಪ್ಪನಾದ ಮುಂಜನನ್ನು ಸೆರೆಹಿಡಿದು ಕೊಲ್ಲಿಸಿದವನು ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪ. ನಮ್ಮ ರನ್ನನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನಿತ್ತವನೂ ಅವನೇ. ಭೋಜನ ಧಾರಾನಗರಿಯನ್ನು ಸೂರೆಗೊಂಡವನು ಅದೇ ವಂಶದ ಒಂದನೆಯ ಸೋಮೇಶ್ವರ. ನಾವು ಮಾಳವಕ್ಕೆ ಹೋಗುವುದು ಹಳೆಯ ವೈರಿಗಳ ಮನೆಗೆ ಹೋದಂತೆಯೇ ಸರಿ! ಈ ಋಣವನ್ನು ಒಂದಿಷ್ಟಾದರೂ ತೀರಿಸಿದವರು ಬಿ. ವಿ. ಕಾರಂತರು. ಚಾರ್ಲ್ಸ್ ಕೊರಿಯಾ ಅವರು ಕೆರೆಯ ಕಡೆಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವಂತೆ ರೂಪಿಸಿದ ಭಾರತ ಭವನವು 1982ರಲ್ಲಿ ತೆರೆದಾಗ, ಅದರ ರಂಗಮಂಡಲವನ್ನು ಮೊದಲು ನಡೆಸಿದವರು ಅವರು. ಬಂಟ್ವಾಳದ ಸೀಮೆಯವರೊಬ್ಬರು ಅಲ್ಲಿಯ ನಟರಿಗೆ ಅವರದೇ ಬುಂದೇಲಿ, ಮಾಳವಿ ನುಡಿಗಳಲ್ಲಿ ನಾಟಕ ಕಲಿಸಿದರೆಂಬುದು ಹೊರನಾಡಿನ ನಮಗೆಲ್ಲ ಹೆಮ್ಮೆ.

ಪತ್ನಿಯ ಆಕ್ಷೇಪ ಬೇರೆಯ ಕಡೆಯಿಂದ ಬಂದಿತು. 1984ರ ಡಿಸೆಂಬರ್ 2ರ ರಾತ್ರಿ ಕೀಟನಾಶಕದ ಕಾರ್ಖಾನೆಯಿಂದ ಸೋರಿದ ವಿಷಾನಿಲವು ಸಾವಿರಾರು ಜನರನ್ನು ಕೊಂದ ಊರಿಗೆ, ಅದೇ ತಿಂಗಳಲ್ಲಿ, ವಿಹಾರಕ್ಕೆಂದು ಹೋಗುವುದು ಹೇಗೆ? ನನ್ನ ಗೆಳೆಯನ ವಸತಿ ಕಾರ್ಖಾನೆಯಿಂದ ದೂರವಿದ್ದುದರಿಂದ ಅವನು ಉಳಿದ. ಮರುದಿನ ಆಸ್ಪತ್ರೆಯಲ್ಲಿ ಜನರಿಗೆ ನೀರು ಕೊಡುತ್ತ ನಿಂತಿದ್ದೆನೆಂದು ಒಮ್ಮೆ ಹೇಳಿದ್ದುಂಟು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಪ್ರಶ್ನೆಯನ್ನು ದೂರವಾಣಿಯಲ್ಲಿ ಅವನ ಮುಂದಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೆಂದ: "ಆ ಬಸ್ತಿಗಳ ಜನರೂ ಸಂಜೆ ಮಕ್ಕಳನ್ನು ಕರೆದುಕೊಂಡು ಕೆರೆಯ ದಂಡೆಗೆ ಬರುತ್ತಾರೆ. ಅತ್ತಿಗೆಯವರಿಗೆ ಹೇಳು, ಅವರ ಪಕ್ಕದಲ್ಲಿ ಕೂರೋಣ."

ಇದನ್ನು ಕೇಳಿ ಅವಳು ಕೂಡಲೇ ಏನನ್ನೂ ಹೇಳಲಿಲ್ಲ. ಎರಡು ದಿನಗಳ ನಂತರ, ಭೋಪಾಲಕ್ಕೆ ಪಂಜಾಬ್ ಮೇಲಿನಲ್ಲಿ ಕೆಳಗಿನ ಬರ್ತು ಸಿಗುವುದೇ ಎಂದು ವಿಚಾರಿಸಿದಳು. ಎರಡು ಸಿಕ್ಕಿವೆ. ಉದಯಪುರದ ಮಾತನ್ನು ಅವಳು ಬಿಟ್ಟಿಲ್ಲ. ಮುಂದಿನ ವರ್ಷಕ್ಕೆಂದು ಈಗಲೇ ಭಾಷೆ ತೆಗೆದುಕೊಂಡಿದ್ದಾಳೆ. ಗೆಳೆಯ ಮಾಟುಂಗದಿಂದ ಅಕ್ಕಿಹಪ್ಪಳ ತರಹೇಳಿದ್ದಾನೆ. ಜೊತೆಗೆ ಸಾಧ್ಯವಾದರೆ ದಪ್ಪ ಅಕ್ಷರದ 'ಗದಾಯುದ್ಧ'. ಹಪ್ಪಳ ತಂದಾಗಿದೆ. ದಪ್ಪ ಅಕ್ಷರದ ಪ್ರತಿ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೆ ನನ್ನದನ್ನೇ ಒಯ್ದು, ಕೆರೆಯ ದಂಡೆಯಲ್ಲಿ ಅವನಿಗೆ ಓದಿ ಹೇಳುತ್ತೇನೆ.